ಹರ್ನ್ಲಿ ತಂಗುಮನೆಯ ಚಾರಣಮಾರ್ಗ

ಹರ್ನ್ಲಿ ತಂಗುಮನೆಯ ಚಾರಣಮಾರ್ಗವು ಸ್ವಿಟ್ಜರ್ಲೆಂಡ್ ದೇಶದ ವಾಲೇ ಪ್ರಾಂತ್ಯದಲ್ಲಿರುವ ಜೆರ್ಮಾಟ್ ಗ್ರಾಮದಿಂದ ಮ್ಯಾಟರ್‌ಹಾರ್ನ್ ಪರ್ವತದ ಬುಡದವರೆಗೆ ಸಾಗುವ ಕಾಲುದಾರಿಯಾಗಿದೆ. ಸಮುದ್ರಮಟ್ಟದಿಂದ 1,608 ಮೀಟರ್ ಎತ್ತರದಲ್ಲಿ ಆರಂಭವಾಗುವ ಈ ದಾರಿ 3,260 ಮೀಟರ್ ಎತ್ತರದ ತಂಗುಮನೆಯಲ್ಲಿ ಕೊನೆಗೊಳ್ಳುತ್ತದೆ. ಸುಮಾರು 1,650 ಮೀಟರ್‌ಗಳಷ್ಟನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬೇಕಾಗಿರುವುದರಿಂದ ಇದನ್ನು ಕಠಿಣ ಚಾರಣವೆಂದು ಪರಿಗಣಿಸಲಾಗುತ್ತದೆ. ಮ್ಯಾಟರ್‌ಹಾರ್ನ್‌ನ ಈ ಪಾರ್ಶ್ವದಲ್ಲಿ ಆರೋಹಣದ ಸಲಕರಣೆಗಳಿಲ್ಲದೆ ತಲುಪಬಹುದಾದ ಕೊನೆಯ ತಾಣ ಈ ತಂಗುಮನೆ. ಅಲ್ಲಿಂದ ಮುಂದಿನ ದಾರಿ ಪರ್ವತಾರೋಹಿಗಳಿಗೆ ಮಾತ್ರ ಸೇರಿದ್ದು.

ಹೆಸರು

ಈ ಭಾಗದ ಆಡುಭಾಷೆ ಜರ್ಮನ್. 'ಹರ್ನ್ಲಿ' ಎಂದರೆ ಚಿಕ್ಕ ಕೊಂಬು ಎಂದರ್ಥ. ಮ್ಯಾಟರ್‌ಹಾರ್ನ್‌ನ ಈಶಾನ್ಯ ಏಣಿಗೆ ಇದೇ ಹೆಸರಿದ್ದು, ಅದರ ಬುಡದಲ್ಲಿರುವ ತಂಗುಮನೆಗೂ ಅದೇ ಹೆಸರು ಬಂದಿದೆ. ಜೆರ್ಮಾಟ್ ಮತ್ತು ಮ್ಯಾಟರ್‌ಹಾರ್ನ್ ಎಂಬ ಎರಡೂ ಹೆಸರುಗಳಲ್ಲಿ ಹುಲ್ಲುಗಾವಲು ಎಂಬ ಅರ್ಥದ ಜರ್ಮನ್ ಪದವಿದೆ.

ಮಾರ್ಗ

ಜೆರ್ಮಾಟ್‌ನಲ್ಲಿ ಖಾಸಗಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಪ್ರವಾಸಿಗರು ರೈಲಿನಲ್ಲಿ ಬರುತ್ತಾರೆ. ಗ್ರಾಮದಿಂದ ಹೊರಟ ದಾರಿ ಮೊದಲು ಜುಮ್ ಸೇ ಎಂಬ ಕುಗ್ರಾಮವನ್ನು ಹಾದುಹೋಗುತ್ತದೆ. ಇಲ್ಲಿನ ಕಟ್ಟಡಗಳು ಲಾರ್ಚ್ ಮರದ ದಿಮ್ಮಿಗಳಿಂದ ಕಟ್ಟಿದವು. ಬಿಸಿಲಿಗೆ ಮರ ಕಪ್ಪಗಾಗಿದ್ದು, ಛಾವಣಿಗೆ ಕಲ್ಲಿನ ಚಪ್ಪಡಿಗಳನ್ನು ಹೊದಿಸಲಾಗಿದೆ. ಧಾನ್ಯದ ಉಗ್ರಾಣಗಳನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಪ್ರತಿ ಕಂಬದ ತಲೆಯ ಮೇಲೆ ದುಂಡನೆಯ ಅಗಲವಾದ ಕಲ್ಲನ್ನು ಇರಿಸಲಾಗಿದೆ. ಕಂಬ ಹತ್ತಿದ ಇಲಿಗಳು ಈ ಕಲ್ಲಿನ ಅಂಚನ್ನು ದಾಟಿ ಒಳಗೆ ಹೋಗಲಾರವು. ಕಣಿವೆಯ ಮುಖ್ಯ ಬೆಳೆಯಾಗಿದ್ದ ರೈ ಧಾನ್ಯವನ್ನು ಹೀಗೆ ಕಾಪಾಡಲಾಗುತ್ತಿತ್ತು. ಬೇಸಿಗೆಯಲ್ಲಿ ದನಕುರಿಗಳೊಂದಿಗೆ ಮೇಲಿನ ಹುಲ್ಲುಗಾವಲುಗಳಿಗೆ ಹೋಗಿ, ಚಳಿಗಾಲಕ್ಕೆ ಕೆಳಗಿಳಿಯುವ ಜೀವನಕ್ರಮದಿಂದ ಇಂತಹ ಕುಗ್ರಾಮಗಳು ರೂಪುಗೊಂಡವು.

ಜುಮ್ ಸೇಯಿಂದ ಮುಂದೆ ದಾರಿ ಲಾರ್ಚ್ ಮತ್ತು ಪೈನ್ ಮರಗಳ ಕಾಡಿನಲ್ಲಿ ಕಡಿದಾಗಿ ಏರಿ, ಮರಗಳ ಎಲ್ಲೆಯನ್ನು ದಾಟಿ, 2,583 ಮೀಟರ್ ಎತ್ತರದ ಶ್ವಾರ್ಟ್ಸ್‌ಸೇ ತಲುಪುತ್ತದೆ. ಇದಕ್ಕೆ ಸುಮಾರು ಮೂರು ತಾಸು ಬೇಕು. ಶ್ವಾರ್ಟ್ಸ್‌ಸೇ ಎಂದರೆ ಕಪ್ಪು ಸರೋವರ. ಇದರ ದಡದಲ್ಲಿ ಹಿಮದ ಮೇರಿಮಾತೆಯ ಹೆಸರಿನ ಚಿಕ್ಕ ಪ್ರಾರ್ಥನಾಮಂದಿರವಿದೆ. ಹಿಮನದಿಯ ಮೇಲೆ ಮಂಜಿನಲ್ಲಿ ದಾರಿ ತಪ್ಪಿದವರು ಬದುಕಿ ಬಂದರೆ ಗುಡಿ ಕಟ್ಟಿಸುವುದಾಗಿ ಹರಕೆ ಹೊತ್ತಿದ್ದರೆಂಬುದು ಸ್ಥಳೀಯ ಐತಿಹ್ಯ. ಜೆರ್ಮಾಟ್‌ನಿಂದ ಇಲ್ಲಿಯವರೆಗೆ ಕೇಬಲ್ ಕಾರ್ ಸೌಲಭ್ಯವಿದೆ. ಅದನ್ನು ಬಳಸಿದರೆ ಏರಬೇಕಾದ ಎತ್ತರ ಸುಮಾರು 680 ಮೀಟರ್‌ಗಳಿಗೆ ಇಳಿಯುತ್ತದೆ.

ಶ್ವಾರ್ಟ್ಸ್‌ಸೇಯಿಂದ ತಂಗುಮನೆಗೆ ಎರಡರಿಂದ ಎರಡೂವರೆ ತಾಸಿನ ದಾರಿ. ಹುಲ್ಲು ಮರೆಯಾಗಿ ಬರಿಯ ಬಂಡೆ ಹಾಗೂ ಸಡಿಲ ಕಲ್ಲುಗಳು ಎದುರಾಗುತ್ತವೆ. ಕಡಿದಾದ ಕೆಲವು ಕಡೆ ಬಂಡೆಗೆ ಲೋಹದ ಮೆಟ್ಟಿಲುಗಳನ್ನೂ ಹಿಡಿದು ನಡೆಯಲು ಹಗ್ಗಗಳನ್ನೂ ಅಳವಡಿಸಲಾಗಿದೆ. ಕೊನೆಯ ಭಾಗವು ಏಣಿನ ಮೇಲೆ ಅಂಕುಡೊಂಕಾಗಿ ಏರುತ್ತದೆ.

ಹಿಂದಿರುಗುವಾಗ ಅನೇಕರು ಶ್ವಾರ್ಟ್ಸ್‌ಸೇಯಿಂದ ಸ್ಟಾಫೆಲ್ ಮಾರ್ಗವಾಗಿ ಜ್ಮುಟ್ ಎಂಬ ಕುಗ್ರಾಮಕ್ಕೆ ಇಳಿಯುತ್ತಾರೆ. ಜ್ಮುಟ್‌ನ ಬಳಿ ಗ್ರಾಂಡ್ ಡಿಕ್ಸಾನ್ಸ್ ಜಲವಿದ್ಯುತ್ ಯೋಜನೆಯ ಅಣೆಕಟ್ಟು ಇದೆ. ಸುತ್ತಲಿನ ಹಿಮನದಿಗಳು ಕರಗಿ ಬರುವ ನೀರನ್ನು ಇಲ್ಲಿ ಸಂಗ್ರಹಿಸಿ, ಪಂಪು ಮಾಡಿ, ಸುರಂಗಗಳ ಮೂಲಕ 285 ಮೀಟರ್ ಎತ್ತರದ ಮುಖ್ಯ ಅಣೆಕಟ್ಟಿನ ಜಲಾಶಯಕ್ಕೆ ಕಳುಹಿಸಲಾಗುತ್ತದೆ.

ತಂಗುಮನೆಯ ಇತಿಹಾಸ

1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ನೇತೃತ್ವದ ಏಳು ಮಂದಿಯ ತಂಡವು ಹರ್ನ್ಲಿ ಏಣಿನ ಮೂಲಕ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿತು. ಇಳಿಯುವಾಗ ಹಗ್ಗ ತುಂಡಾಗಿ ನಾಲ್ವರು ಮೃತಪಟ್ಟರು. ಈ ದುರಂತದ ಸುದ್ದಿಯಿಂದ ಪರ್ವತವು ಇನ್ನಷ್ಟು ಪ್ರಸಿದ್ಧವಾಗಿ, ಆರೋಹಿಗಳ ಸಂಖ್ಯೆ ಬೆಳೆಯಿತು. 1880ರಲ್ಲಿ ಸ್ವಿಸ್ ಆಲ್ಪೈನ್ ಕ್ಲಬ್ ಏಣಿನ ಬುಡದಲ್ಲಿ ತಂಗುಮನೆಯನ್ನು ನಿರ್ಮಿಸಿತು. 1911ರಲ್ಲಿ ಪಕ್ಕದಲ್ಲಿಯೇ ಬೆಲ್ವೆಡೇರ್ ಎಂಬ ಹೋಟೆಲ್ ತಲೆಯೆತ್ತಿತು. ಕಟ್ಟಡಗಳನ್ನು ಪುನರ್ನಿರ್ಮಿಸಿ, ಮೊದಲ ಆರೋಹಣದ 150ನೇ ವರ್ಷವಾದ 2015ರಲ್ಲಿ ಮತ್ತೆ ತೆರೆಯಲಾಯಿತು. ಪರ್ವತದಲ್ಲಿ ಮಡಿದವರ ಗೌರವಾರ್ಥ ಆ ವರ್ಷದ ಜುಲೈ 14ರಂದು ಆರೋಹಣವನ್ನು ನಿಷೇಧಿಸಲಾಗಿತ್ತು. ನವೀಕರಣದ ವೇಳೆ ಹಾಸಿಗೆಗಳ ಸಂಖ್ಯೆಯನ್ನು 170ರಿಂದ 130ಕ್ಕೆ ಇಳಿಸಲಾಯಿತು. ಪರ್ವತದ ಮೇಲಿನ ಜನಸಂದಣಿಯನ್ನು ತಗ್ಗಿಸುವುದು ಇದರ ಒಂದು ಉದ್ದೇಶ.

ಕಾಠಿಣ್ಯ ಮತ್ತು ಸುರಕ್ಷತೆ

ಸ್ವಿಟ್ಜರ್ಲೆಂಡಿನಲ್ಲಿ ಕಾಲುದಾರಿಗಳನ್ನು ಬಣ್ಣಗಳಿಂದ ಗುರುತಿಸಲಾಗುತ್ತದೆ. ಹಳದಿ ಗುರುತು ಸಾಮಾನ್ಯ ದಾರಿಯನ್ನೂ, ಬಿಳಿ-ಕೆಂಪು-ಬಿಳಿ ಪಟ್ಟಿ ಬೆಟ್ಟದ ದಾರಿಯನ್ನೂ, ಬಿಳಿ-ನೀಲಿ-ಬಿಳಿ ಪಟ್ಟಿ ಇನ್ನೂ ದುರ್ಗಮವಾದ ಆಲ್ಪೈನ್ ದಾರಿಯನ್ನೂ ಸೂಚಿಸುತ್ತವೆ. ಬೆಟ್ಟದ ದಾರಿಯಲ್ಲಿ ನಡೆಯಲು ದೃಢವಾದ ಹೆಜ್ಜೆ, ಎತ್ತರದ ಅಂಜಿಕೆಯಿಲ್ಲದಿರುವುದು ಮತ್ತು ಹಿಡಿತವುಳ್ಳ ಬೂಟುಗಳು ಅಗತ್ಯ.

3,260 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಬಯಲುಸೀಮೆಯಿಂದ ನೇರವಾಗಿ ಬಂದವರಿಗೆ ಉಸಿರುಕಟ್ಟುವುದು, ತಲೆನೋವು, ವಾಕರಿಕೆ ಕಾಣಿಸಿಕೊಳ್ಳಬಹುದು. ಲಕ್ಷಣಗಳು ಹೆಚ್ಚಾದರೆ ಕೆಳಗಿಳಿಯುವುದೇ ಪರಿಹಾರ. ಜೆರ್ಮಾಟ್‌ಗಿಂತ ತಂಗುಮನೆಯ ಬಳಿ ಉಷ್ಣಾಂಶವು ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಿರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ಗುಡುಗು ಮಿಂಚು ಸಾಮಾನ್ಯವಾದ್ದರಿಂದ ಬೆಳಗಿನ ಜಾವವೇ ಹೊರಡುವುದು ರೂಢಿ. ಏಣಿನ ಮೇಲಿರುವವರಿಗೆ ಸಿಡಿಲಿನಿಂದ ಮರೆಯಿಲ್ಲ. ಹಿಂದಿರುಗಲು ಕೇಬಲ್ ಕಾರ್ ನೆಚ್ಚಿಕೊಂಡವರು ಕೊನೆಯ ಸರದಿಯ ವೇಳೆಯನ್ನು ಮೊದಲೇ ತಿಳಿದಿರಬೇಕು. ಅದು ತಪ್ಪಿದರೆ ದಣಿದ ಕಾಲುಗಳಲ್ಲಿ ಇನ್ನೂ ಸುಮಾರು 1,000 ಮೀಟರ್ ಇಳಿಯಬೇಕಾಗುತ್ತದೆ.

ತಂಗುಮನೆಯ ಹಿಂದಿನಿಂದ ಮೇಲೇರುವ ಏಣು ದೂರಕ್ಕೆ ಸುಲಭವೆಂಬಂತೆ ತೋರಿದರೂ, ಅದು ಹಗ್ಗ, ಅನುಭವ ಮತ್ತು ಮಾರ್ಗದರ್ಶಕರನ್ನು ಬೇಡುವ ಆರೋಹಣ. ಮ್ಯಾಟರ್‌ಹಾರ್ನ್‌ನಲ್ಲಿ 1865ರಿಂದ ಈಚೆಗೆ 500ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡಿದ್ದಾರೆ. ಬಂಡೆಯ ಬಿರುಕುಗಳನ್ನು ಬೆಸೆದು ಹಿಡಿದಿರುವ ಶಾಶ್ವತ ಹಿಮವು ಬಿಸಿ ಬೇಸಿಗೆಗಳಲ್ಲಿ ಕರಗುವುದರಿಂದ ಕಲ್ಲು ಕುಸಿಯುವ ಅಪಾಯವೂ ಇದೆ. 2003ರ ಜುಲೈನಲ್ಲಿ ಹರ್ನ್ಲಿ ಏಣಿನಲ್ಲಿ ಬಂಡೆ ಕುಸಿದು, ಮೇಲಿದ್ದ ಆರೋಹಿಗಳನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು.

ಋತುಮಾನ

ತಂಗುಮನೆಯು ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ತೆರೆದಿರುತ್ತದೆ. ಬೇಸಿಗೆಯ ಆರಂಭದಲ್ಲಿ ದಾರಿಯ ಮೇಲ್ಭಾಗದಲ್ಲಿ ಹಿಮ ಉಳಿದಿರಬಹುದು. ಶರತ್ಕಾಲದಲ್ಲಿ ಹೊಸ ಹಿಮ ಬಿದ್ದರೆ ಮೆಟ್ಟಿಲು ಮತ್ತು ಬಂಡೆಗಳು ಜಾರುತ್ತವೆ. ರಾತ್ರಿ ತಂಗಲು ಮುಂಗಡ ಕಾಯ್ದಿರಿಸುವಿಕೆ ಅಗತ್ಯ. ವಾಲೇ ಪ್ರಾಂತ್ಯದಲ್ಲಿ ಪರ್ವತ ರಕ್ಷಣೆಗಾಗಿ 144 ಸಂಖ್ಯೆಗೆ ಕರೆ ಮಾಡಬಹುದು.