ಭಾರತೀಯ ಅನಿಮೇಷನ್ನಿನ ಆರಂಭ: ಪ್ರಕಾರಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಭಾರತೀಯ ಅನಿಮೇಷನ್ನಿನ ಚರಿತ್ರೆಯನ್ನು 1934ರಿಂದ ಇಲ್ಲವೆ 1956ರಿಂದ ಆರಂಭಿಸುವುದುಂಟು. 1934ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯಿಂದ ‘ದಿ ಪೀ ಬ್ರದರ್ಸ್’ ಎಂಬ ಕಿರುಚಿತ್ರ ಹೊರಬಂದಿತು. 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕಾರ್ಟೂನ್ ವಿಭಾಗ ಸ್ಥಾಪನೆಗೊಂಡಿತು. ಅನಿಮೇಷನ್ ಎಂದರೆ ಚಿತ್ರ ಬರೆಯುವುದು ಎಂಬ ಗ್ರಹಿಕೆ ಈ ಎರಡೂ ಕಾಲನಿರ್ಣಯಗಳ ಹಿಂದಿದೆ. ಈ ಗ್ರಹಿಕೆಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಚಲಿಸುತ್ತಿರುವುದನ್ನು ಕ್ಯಾಮೆರಾ ಸೆರೆಹಿಡಿದರೆ ಅದು ಸಾಮಾನ್ಯ ಚಲನಚಿತ್ರ. ನಿಶ್ಚಲವಾದುದನ್ನು ಒಂದು ಚೌಕಟ್ಟಿನಷ್ಟೇ ಚಿತ್ರಿಸಿ, ಕ್ಯಾಮೆರಾ ನಿಲ್ಲಿಸಿ, ಅದನ್ನು ತುಸು ಬದಲಿಸಿ ಮತ್ತೊಂದು ಚೌಕಟ್ಟು ಚಿತ್ರಿಸುವುದು ಅನಿಮೇಷನ್. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆರೆಯ ಮೇಲೆ ಹಾಯ್ದಾಗ ಅದು ಚಲನೆಯಾಗಿ ತೋರುತ್ತದೆ. ಎರಡು ಚೌಕಟ್ಟುಗಳ ನಡುವೆ ಬದಲಾಗುವುದು ಏನು ಎಂಬುದೇ ಪ್ರಕಾರಭೇದಕ್ಕೆ ಆಧಾರ.

ಮೊದಲನೆಯದು ರೇಖಾಪ್ರಕಾರ. ಫ್ರಾನ್ಸಿನ ಎಮಿಲ್ ಕೋಲ್ 1908ರ ‘ಫ್ಯಾಂಟಾಸ್ಮಗೋರಿ’ಗಾಗಿ ಸುಮಾರು 700 ಚಿತ್ರಗಳನ್ನು ಬರೆದನು. 1914ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಪಾರದರ್ಶಕ ಸೆಲ್ ಹಾಳೆಯ ವಿಧಾನದಿಂದ ಹಿನ್ನೆಲೆಯನ್ನು ಮತ್ತೆ ಮತ್ತೆ ಬರೆಯುವ ಶ್ರಮ ತಪ್ಪಿತು. ಎರಡನೆಯದು ಕತ್ತರಿಸಿದ ಆಕೃತಿಗಳದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕೀಲುಗಳುಳ್ಳ ಕಪ್ಪು ಆಕೃತಿಗಳಿಂದ ರಾಜಕುಮಾರ ಅಹಮದನ ಪೂರ್ಣ ಪ್ರಮಾಣದ ಕಥಾಚಿತ್ರವನ್ನೇ ನಿರ್ಮಿಸಿದಳು. ಇದು ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಸುತ್ತದೆಯಾದರೂ ಎರಡೂ ಒಂದೇ ಅಲ್ಲ: ಅಲ್ಲಿ ಸೂತ್ರಧಾರನ ಕೈ ಪ್ರೇಕ್ಷಕರ ಸಮಕ್ಷಮದಲ್ಲೇ ಆಡುತ್ತದೆ, ಇಲ್ಲಿ ಚೌಕಟ್ಟುಗಳ ನಡುವೆ ಮರೆಯಾಗಿ ಆಡುತ್ತದೆ. ಮೂರನೆಯದು ಜೇಡಿಮಣ್ಣು, ಗೊಂಬೆ ಮೊದಲಾದ ವಸ್ತುಗಳನ್ನು ಸರಿಸುವ ಪ್ರಕಾರ. ನಾಲ್ಕನೆಯದಾದ ಗಣಕ ಪ್ರಕಾರದಲ್ಲಿ ಕಲಾವಿದ ಮುಖ್ಯ ಭಂಗಿಗಳನ್ನು ನಿಗದಿಪಡಿಸಿದರೆ ನಡುವಿನವನ್ನು ಗಣಕ ಲೆಕ್ಕಹಾಕುತ್ತದೆ. 1995ರ ‘ಟಾಯ್ ಸ್ಟೋರಿ’ ಸಂಪೂರ್ಣವಾಗಿ ಹೀಗೆ ತಯಾರಾದ ಮೊದಲ ದೀರ್ಘ ಕಥಾಚಿತ್ರ.

ಈ ವಿಂಗಡಣೆಯನ್ನು ಒಪ್ಪಿದರೆ ದಾದಾಸಾಹೇಬ್ ಫಾಲ್ಕೆಯವರ ಎರಡು ಪ್ರಯೋಗಗಳಿಗೆ ಮಹತ್ವ ಬರುತ್ತದೆ. ಬಂಡವಾಳ ಹೂಡುವವರ ವಿಶ್ವಾಸ ಗಳಿಸಲು 1912ರಲ್ಲಿ ಅವರು ಬಟಾಣಿ ಗಿಡದ ಬೆಳವಣಿಗೆಯನ್ನು ಬಿಡಿಬಿಡಿ ಚೌಕಟ್ಟುಗಳಲ್ಲಿ ಚಿತ್ರಿಸಿದರು. ಅಲ್ಲಿ ಬದಲಾವಣೆ ಪ್ರಕೃತಿಯದು. ಆದ್ದರಿಂದ ಅದನ್ನು ಅನಿಮೇಷನ್ನಿನ ಪೂರ್ವಸಿದ್ಧತೆ ಎನ್ನಬಹುದಷ್ಟೆ. 1915ರ ‘ಆಗ್‌ಕಾಡ್ಯಾಂಚಿ ಮೌಜ್’ ಚಿತ್ರದಲ್ಲಾದರೋ ಬೆಂಕಿಕಡ್ಡಿಗಳನ್ನು ಸರಿಸಿದ್ದು ಮನುಷ್ಯನ ಕೈ. ಅದು ಮೂರನೆಯ ಪ್ರಕಾರಕ್ಕೆ ನಿಸ್ಸಂದೇಹವಾಗಿ ಸೇರುತ್ತದೆ.

1956ರ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯಲ್ಲಿ ನೀಡಿದ ತರಬೇತಿಯಿಂದ ಜಾತಕ ಕಥೆಯನ್ನಾಧರಿಸಿದ ‘ದಿ ಬನ್ಯನ್ ಡೀರ್’ (1957) ರೂಪುಗೊಂಡಿತು. ರಾಮ್ ಮೋಹನ್ ಅವರಂಥ ಕಲಾವಿದರು ಸಿದ್ಧರಾದರು. ಆದರೆ ಅದು ಒಂದು ಸಂಸ್ಥೆಯ ಆರಂಭ, ಕಲೆಯ ಆರಂಭವಲ್ಲ. ರೇಖೆಯನ್ನಷ್ಟೇ ಅಳತೆಗೋಲಾಗಿ ಹಿಡಿದರೆ ನಮ್ಮ ಚರಿತ್ರೆಯ ಮೊದಲ ಎರಡು ದಶಕಗಳು ಲೆಕ್ಕದಿಂದಲೇ ಹೊರಗುಳಿಯುತ್ತವೆ.