ಬಡಾವಣೆಯ ಮರಗಳಲ್ಲಿ ಸೂರಕ್ಕಿ ಮತ್ತು ಬಾವಲಿ

ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತ ಮಕರಂದ ಹೀರುವ ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಿಗಷ್ಟೇ ಸೀಮಿತವಾದುದರಿಂದ, ದಕ್ಷಿಣ ಬೆಂಗಳೂರಿನಲ್ಲಿ ಆ ಕೆಲಸ, ವಂಶದಲ್ಲಿ ದೂರವಾದರೂ ಉದ್ದನೆಯ ಬಾಗಿದ ಕೊಕ್ಕುಳ್ಳ ಸೂರಕ್ಕಿಯ ಪಾಲಿಗೆ ಬಂದಿದೆ. 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರವೂ ಅನಂತರ ಬೆಳೆದ ಬನಶಂಕರಿ, ಜೆ.ಪಿ. ನಗರಗಳೂ ಹೊಲ-ತೋಟಗಳನ್ನು ನುಂಗಿದವು ಎಂಬುದು ನಿಜವೇ. ಆದರೆ ಮನೆಯಂಗಳದ ದಾಸವಾಳ ಹಗಲಿನಲ್ಲಿ ಸೂರಕ್ಕಿಯನ್ನೂ, ಬೀದಿಬದಿಯ ಗಸಗಸೆ ಹಣ್ಣಿನ ಮರ ಇರುಳಿನಲ್ಲಿ ಮೊಂಡುಮೂತಿಯ ಹಣ್ಣುಬಾವಲಿಯನ್ನೂ ಸಾಕಿದವು. ಈ ಮರ ಹಮ್ಮಿಂಗ್‌ಬರ್ಡಿನ ತವರಾದ ಉಷ್ಣವಲಯದ ಅಮೆರಿಕದಿಂದಲೇ ಬಂದದ್ದೆಂಬುದು ಸ್ವಾರಸ್ಯ.

ಹತ್ತು ಗ್ರಾಂ ಆಸುಪಾಸಿನ ಸೂರಕ್ಕಿ ಬಣ್ಣವನ್ನು ನಂಬಿ ಹೂವಿನಿಂದ ಹೂವಿಗೆ ಪರಾಗ ಒಯ್ದರೆ, ಅದರ ಹಲವು ಪಟ್ಟು ತೂಗುವ ಬಾವಲಿ ಮುಖ್ಯವಾಗಿ ವಾಸನೆಯ ಜಾಡು ಹಿಡಿದು, ನುಂಗಿದ ಸಣ್ಣ ಬೀಜಗಳನ್ನು ಹಿಕ್ಕೆಯೊಡನೆ ದೂರಕ್ಕೆ ಚೆಲ್ಲುತ್ತದೆ. ಉಪಕಾರ ಎರಡರದೂ ಇದ್ದರೂ ಮನ್ನಣೆ ಹಕ್ಕಿಗೆ ಮಾತ್ರ ದೊರೆಯಿತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿ, ಅಂದರೆ ಪೀಡಕ ಪ್ರಾಣಿಗಳ ಪಟ್ಟಿ, ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಸೇರಿಸಿತ್ತು. ಅನ್ಯಾಯದ ಆ ಪಟ್ಟಿಯನ್ನು 2022ರ ತಿದ್ದುಪಡಿ ಕಾಯ್ದೆ ಕೈಬಿಟ್ಟಿತು.