ಮುತ್ತೂ ತಾಳಿಯೂ: ಪಂಪಾಕ್ಷೇತ್ರದ ಸುತ್ತಣ ಒಂದು ವಿವಾಹವಿಚಾರ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಪ್ರತಿವರ್ಷವೂ ಫಲಪೂಜೆಯೆಂಬ ನಿಶ್ಚಿತಾರ್ಥದ ಉತ್ಸವವೂ, ಚೈತ್ರಮಾಸದಲ್ಲಿ ಪಂಪಾದೇವಿಯೊಡನೆ ಸ್ವಾಮಿಯ ಕಲ್ಯಾಣೋತ್ಸವವೂ ನಡೆಯುತ್ತವೆ. ಈ ಕ್ಷೇತ್ರವು ಮೊದಲು ಪಂಪೆಯದೆಂಬುದಕ್ಕೆ ಅದರ ಹೆಸರೇ ಸಾಕ್ಷಿ. ಏಳನೆಯ ಶತಮಾನದ ಕಡೆಯಲ್ಲಿ ಬಾದಾಮಿಯ ಚಾಲುಕ್ಯ ವಿನಯಾದಿತ್ಯನು ಪಂಪಾತೀರ್ಥದಲ್ಲಿ ಬೀಡುಬಿಟ್ಟಿದ್ದನೆಂದು ಅವನ ತಾಮ್ರಶಾಸನದಿಂದ ತಿಳಿಯುತ್ತದೆ. ವಿರೂಪಾಕ್ಷನ ಪ್ರಾಬಲ್ಯವು ಅದಕ್ಕೆ ಬಹುಕಾಲ ತರುವಾಯದ್ದು. ಸ್ಥಳದ ದೇವತೆಯಾದ ಪಂಪೆಯು ವಿವಾಹದ ಮೂಲಕ ಶೈವಪಂಥದೊಳಗೆ ಸೇರಿದಳೆಂದು ಅನಿಲಾ ವರ್ಗೀಸ್ ಅವರು ವಿಜಯನಗರದ ಧಾರ್ಮಿಕ ಸಂಪ್ರದಾಯಗಳನ್ನು ಕುರಿತ ತಮ್ಮ 1995ರ ಗ್ರಂಥದಲ್ಲಿ ತೋರಿಸಿದ್ದಾರೆ. ಹೊರಗಿನದನ್ನು ಒಳಗೆ ತಂದುಕೊಳ್ಳುವುದಕ್ಕೆ ವಿವಾಹವು ಈ ನಾಡಿನಲ್ಲಿ ಎಷ್ಟು ಹಳೆಯ ಸಾಧನವೆಂಬುದು ಇದರಿಂದ ವ್ಯಕ್ತವಾಗುವುದು.

ಹೊಸಪೇಟೆಯಿಂದ ಹೊಳೆ ದಾಟಿದರೆ, ಮುನಿರಾಬಾದಿನ ಸಮೀಪದಲ್ಲಿ, ಹುಲಿಗಿಯ ಹುಲಿಗೆಮ್ಮನ ಗುಡಿಯುಂಟು. ಸಂಡೂರು, ಕಂಪ್ಲಿ, ಹೊಸಪೇಟೆಗಳ ಕಡೆಯ ಜನರು ಹುಣ್ಣಿಮೆಗಳಲ್ಲಿ ಇಲ್ಲಿ ನೆರೆಯುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿಯುಳ್ಳವರನ್ನು ದೇವಿಯು ಹಿಡಿದಳೆಂದು ತಿಳಿದು, ಅವರಿಗೆ ಇಲ್ಲಿ ಮುತ್ತು ಕಟ್ಟುವ ವಾಡಿಕೆಯಿದೆ. ನಡುವಿನ ಉಡಿದಾರವನ್ನು ತೆಗೆದು, ಸೀರೆ ಉಡಿಸಿ, ಬಳೆ ತೊಡಿಸಿ, ಕೊರಳಿಗೆ ಮುತ್ತಿನ ಸರವನ್ನು ಕಟ್ಟುತ್ತಾರೆ. ಅಂದಿನಿಂದ ಆ ವ್ಯಕ್ತಿಯು ಜೋಗಪ್ಪ. ಜನರ ಬಾಯಲ್ಲಿ ಹಲವೊಮ್ಮೆ ಜೋಗತಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ ದೀಕ್ಷೆಯಾದುದು ಈ ಗುಡಿಯಲ್ಲಿಯೇ. ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತ ಇವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು.

ಈ ಆಚಾರವು ಜಾನಪದದ ಅಧ್ಯಾಯಕ್ಕೆ ಮಾತ್ರ ಸೇರತಕ್ಕುದಲ್ಲವೆಂಬುದನ್ನು ಇತ್ತೀಚಿನ ಒಂದು ವಿವಾದವು ತೋರಿಸಿಕೊಟ್ಟಿತು. 2023ರಲ್ಲಿ ಸಲಿಂಗವಿವಾಹಕ್ಕೆ ಮಾನ್ಯತೆಯನ್ನು ಕೋರಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ವಿಚಾರಣೆಗೆ ತೆಗೆದುಕೊಂಡಿತು. ಆಗ ಜಮೀಯತ್ ಉಲಮಾ-ಇ-ಹಿಂದ್ ಸಂಸ್ಥೆಯೂ ಅಖಿಲ ಭಾರತೀಯ ಸಂತ ಸಮಿತಿಯೂ ಬೇರೆಬೇರೆಯಾಗಿ ನ್ಯಾಯಾಲಯದ ಮುಂದೆ ಬಂದು ಒಂದೇ ಉತ್ತರವನ್ನು ಕೊಟ್ಟವು: ಗಂಡುಹೆಣ್ಣುಗಳ ಕೂಡಿಕೆಯ ಹೊರತು ವಿವಾಹವಿಲ್ಲ. ಕರ್ನಾಟಕದವರೇ ಆದ ರಾಷ್ಟ್ರೀಯ ಸ್ವಯಂಸೇವಕ ಸಂಘದ ದತ್ತಾತ್ರೇಯ ಹೊಸಬಾಳೆಯವರು ಅದೇ ವರ್ಷದ ಮಾರ್ಚಿಯಲ್ಲಿ, ಹಿಂದೂಗಳಿಗೆ ವಿವಾಹವು ಸಂಸ್ಕಾರವೆಂದೂ ಅದು ವಿಜಾತೀಯರಲ್ಲಿಯೇ ಆಗತಕ್ಕುದೆಂದೂ ಹೇಳಿದರು. ನಿಕಾಹವನ್ನು ಕರಾರೆಂದು ಎಣಿಸುವ ಧರ್ಮಶಾಸ್ತ್ರವೂ, ವಿವಾಹವು ಕರಾರಲ್ಲ, ಸಂಸ್ಕಾರವೆನ್ನುವ ಧರ್ಮಶಾಸ್ತ್ರವೂ ವಿರುದ್ಧ ಮಾರ್ಗಗಳಿಂದ ಬಂದು ಇಲ್ಲಿ ಸಂಧಿಸಿದುದು ಗಮನಾರ್ಹವಾಗಿದೆ.

ಸಂಸ್ಕಾರವಾದವನ್ನು ಹಗುರವಾಗಿ ತಳ್ಳಿಹಾಕುವುದು ಯುಕ್ತವಲ್ಲ. ಸ್ಮೃತಿಕಾರರ ದೃಷ್ಟಿಯೆಲ್ಲವೂ ಸಂತತಿಯ ಮೇಲೆ ಇತ್ತು. ನಾರದನು ಹದಿನಾಲ್ಕು ಬಗೆಯ ಷಂಡರನ್ನು ಎಣಿಸುವುದೂ, ವರನ ಪುಂಸ್ತ್ವವನ್ನು ಪರೀಕ್ಷಿಸಬೇಕೆನ್ನುವುದೂ ಇದಕ್ಕಾಗಿಯೇ. ಮನುವು ಪುರುಷರಿಬ್ಬರ ಸಂಗವನ್ನು ಒಂದೆಡೆ ಜಾತಿಭ್ರಂಶಕರವೆಂದು ಹೇಳಿ, ಮತ್ತೊಂದೆಡೆ ಉಟ್ಟ ಬಟ್ಟೆಯೊಡನೆ ಸ್ನಾನಮಾಡಿದರೆ ಶುದ್ಧಿಯೆನ್ನುತ್ತಾನೆ. ವಿವಾಹದ ಪ್ರಶ್ನೆಯು ಅವನಿಗೆ ತೋರಿಯೇ ಇಲ್ಲ. ಕಾಮಸೂತ್ರದಲ್ಲಿ ಪರಸ್ಪರ ವಿಶ್ವಾಸವುಳ್ಳ ನಾಗರಕರು ಒಬ್ಬರನ್ನೊಬ್ಬರು ಪರಿಗ್ರಹಿಸುವರೆಂಬ ಮಾತುಂಟು. ಪರಿಗ್ರಹವೆಂದರೆ ಪತ್ನೀಸ್ವೀಕಾರವೆಂಬ ಅರ್ಥವೂ ಇರುವುದರಿಂದ ಸಮಾನತೆಯ ಪಕ್ಷದವರು ಇದನ್ನು ಪ್ರಾಚೀನ ಸಲಿಂಗವಿವಾಹದ ಪ್ರಮಾಣವೆಂದು ಎತ್ತಿಹಿಡಿದುದುಂಟು. ಆದರೆ ಆ ಪ್ರಕರಣವು ರತಿಭೇದಗಳನ್ನು ಕುರಿತದ್ದು. ಅಷ್ಟು ಭಾರವನ್ನು ಆ ಒಂದು ಶಬ್ದವು ಹೊರಲಾರದು. ಶಾಸ್ತ್ರದ ಮೌನವನ್ನು ಸಮ್ಮತಿಯೆನ್ನುವುದೂ ನಿಷೇಧವೆನ್ನುವುದೂ ಒಂದೇ ತೆರನ ತಪ್ಪು.

ಆದುದರಿಂದ ಗ್ರಂಥವನ್ನು ಬಿಟ್ಟು ಆಚಾರವನ್ನು ನೋಡಬೇಕಾಗುತ್ತದೆ. ಮುತ್ತು ಕಟ್ಟುವುದು ನಿಜವಾಗಿಯೂ ವಿವಾಹವೋ, ಅಥವಾ ಹಾಗೆಂಬ ಉಪಚಾರದ ಮಾತೋ? ಇದಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಉತ್ತರ ದೊರೆಯುತ್ತದೆ. ಅಲ್ಲಿ ಹೊಸ್ತಿಲ ಹುಣ್ಣಿಮೆಗೆ ರಂಡಿಹುಣ್ಣಿಮೆಯೆಂದು ಹೆಸರು. ಜಮದಗ್ನಿಯ ಮರಣದಿಂದ ದೇವಿಗೆ ವೈಧವ್ಯವೊದಗಿತೆಂದು ಅಂದು ಮುತ್ತು ಕಟ್ಟಿಸಿಕೊಂಡವರು ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭಾರತಹುಣ್ಣಿಮೆಗೆ ದೇವಿಯು ಮತ್ತೆ ಮುತ್ತೈದೆಯಾದಾಗ ಇವರೂ ಬಳೆ ತೊಡುತ್ತಾರೆ. ಉಪಚಾರದ ಮಾತಿಗೆ ವೈಧವ್ಯವಿರುವುದಿಲ್ಲ. ಲೂಸಿಂಡಾ ರಾಂಬರ್ಗ್ ಎಂಬ ವಿದುಷಿಯು ಎಲ್ಲಮ್ಮನ ಜೋಗತಿಯರನ್ನು ಕುರಿತು 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದನ್ನು ದೇವಿಯೊಡನೆ ನಡೆದ ವಿವಾಹವೆಂದೇ ಗಣಿಸಿ, ಇದರಿಂದ ಬಂಧುತ್ವದ ಲೆಕ್ಕವೇ ಮಾರ್ಪಡುವುದನ್ನು ವಿವರಿಸಿದ್ದಾಳೆ. ಹೆಣ್ಣನ್ನು ಹೆಣ್ಣುದೇವತೆಗೆ ಕೊಡುವ ಮದುವೆಯೊಂದು ಕನ್ನಡನಾಡಿನಲ್ಲಿ ಧರ್ಮದ ಹೆಸರಿನಲ್ಲಿಯೇ ನಡೆದು ಬಂದಿರುವಾಗ, ಧರ್ಮವು ಇಂತಹುದನ್ನು ಕಂಡೇ ಇಲ್ಲವೆಂಬ ವಾದವು ನಿಲ್ಲುವುದು ಕಷ್ಟ.

ವಚನಕಾರರ ಶರಣಸತಿ-ಲಿಂಗಪತಿ ಭಾವವನ್ನು ಇದರೊಡನೆ ಬೆರಸಬಾರದು. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದವರು ತಮ್ಮನ್ನು ಸತಿಯೆಂದು ಭಾವಿಸಿ ಹಾಡಿದುದು ಭಕ್ತಿಯ ಸ್ಥಿತಿ. ಅದರಿಂದ ಶರಣನ ಮನೆವಾರ್ತೆಯು ಬದಲಾಗುತ್ತಿರಲಿಲ್ಲ. ಮುತ್ತು ಕಟ್ಟಿಸಿಕೊಂಡವನ ಮನೆವಾರ್ತೆಯಾದರೋ ಆ ದಿನವೇ ಬದಲಾಗುತ್ತದೆ. ಗಂಡೆಂದು ಅವನಿಗೆ ಹೆಣ್ಣು ತರುವ ಮಾತು ಅಲ್ಲಿಗೆ ಮುಗಿಯಿತು. ಜೇಡರ ದಾಸಿಮಯ್ಯನು ಗಡ್ಡಮೀಸೆಗಳಿಂದಲೂ ಮೊಲೆಮುಡಿಗಳಿಂದಲೂ ಗೊತ್ತುಮಾಡುವ ಭೇದವು ಒಳಗಿನ ಆತ್ಮಕ್ಕಿಲ್ಲವೆಂದು ಹೇಳಿದುದು ಇಲ್ಲಿ ಹೆಚ್ಚು ಹತ್ತಿರದ್ದು. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಮಂಜಮ್ಮನವರ ಆತ್ಮಕಥನವು ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರನ್ನು ತಳೆದಿರುವುದು ಅರ್ಥವತ್ತಾಗಿದೆ.

ಇಷ್ಟಾದರೂ ಈ ಪೂರ್ವಾಚಾರವನ್ನು ಸಮಾನತೆಯ ವಿಜಯಪತಾಕೆಯಂತೆ ಹಾರಿಸುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಧರ್ಮವು ಜೋಗಪ್ಪನಿಗೆ ತಾಳಿಗೆ ಸಮನಾದ ಮುತ್ತನ್ನು ಕೊಟ್ಟಿತು, ಮುತ್ತೈದೆತನವನ್ನು ಕೊಟ್ಟಿತು, ಕೊಡ ಹೊತ್ತು ಊರೂರು ತಿರುಗಿ ಜೋಗ ಬೇಡುವ ಹಕ್ಕನ್ನೂ ಕೊಟ್ಟಿತು, ಜೊತೆಗಾರನನ್ನು ಕೊಡಲಿಲ್ಲ. ದೇವಿಗೆ ಸಂದವರಿಗೆ ಮನುಷ್ಯರೊಡನೆ ಮದುವೆಯಿಲ್ಲ. ಒಬ್ಬನೊಡನೆ ಬಹುಕಾಲ ಬಾಳಿದರೂ ಅವನ ಆಸ್ತಿಯಲ್ಲಿ ಪಾಲಿಲ್ಲ, ಅವನು ಸತ್ತರೆ ಬಂಧುಗಳೆಂದು ಬರುವವರು ಬೇರೆಯವರು. ದೈವದೊಡನೆ ನಡೆದ ವಿವಾಹವೇ ಮನುಷ್ಯರ ವಿವಾಹಕ್ಕೆ ಹಾಕಿದ ಬೇಲಿಯೂ ಆಯಿತು. ಮನ್ನಣೆಯೂ ಹೊರಗಿಡುವಿಕೆಯೂ ಒಂದೇ ದಾರದಲ್ಲಿ ಪೋಣಿಸಲ್ಪಟ್ಟುವು.

ಈ ಬೇಲಿಯನ್ನು ಕಾನೂನು ಮೊದಲು ಮುಟ್ಟಿದುದು ಹೆಂಗಸರ ವಿಷಯದಲ್ಲಿ. 1947ರ ಹೊತ್ತಿಗೆ ಈ ಪುಟ್ಟ ಪ್ರದೇಶದಲ್ಲಿ ಮೂರು ಆಡಳಿತಗಳಿದ್ದುವು: ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದುವು, ಸಂಡೂರು ಘೋರ್ಪಡೆಯವರ ಸಂಸ್ಥಾನ, ಹೊಳೆಯಾಚೆಯ ಹುಲಿಗಿಯು ನಿಜಾಮನ ಸೀಮೆಯಲ್ಲಿತ್ತು. ಆ ವರ್ಷ ಮದರಾಸಿನಲ್ಲಿ ದೇವದಾಸಿ ಸಮರ್ಪಣೆಯನ್ನು ತಡೆಯುವ ಕಾಯಿದೆಯಾಯಿತು. ಸಮರ್ಪಣೆಯು ಕಾನೂನಿಗೆ ವಿರುದ್ಧವೆಂದು ಸಾರಿದುದರ ಜೊತೆಗೆ, ಸಮರ್ಪಿತಳಾದ ಮಾತ್ರಕ್ಕೆ ಸ್ತ್ರೀಯು ಕ್ರಮಬದ್ಧವಾದ ವಿವಾಹಕ್ಕೆ ಅನರ್ಹಳಾಗಳೆಂದು ಅದು ವಿಧಿಸಿತು. ಸಂಡೂರು 1949ರಲ್ಲಿ ಮದರಾಸಿಗೆ ಸೇರಿತು. ಕರ್ನಾಟಕದ 1982ರ ಕಾಯಿದೆಯೂ ಅದೇ ತತ್ತ್ವವನ್ನು ಹಿಡಿಯಿತು. ದೇವರ ಮದುವೆಯು ಮನುಷ್ಯರ ಮದುವೆಗೆ ಅಡ್ಡಿಯಲ್ಲವೆಂದು ಶಾಸನಸಭೆಗಳು ಧಾರ್ಮಿಕ ಆಚಾರಕ್ಕೆ ಪ್ರತಿಯಾಗಿ ಎರಡು ಸಲ ನಿರ್ಣಯಿಸಿದುವೆಂಬುದನ್ನು ವಿವಾಹಸಮಾನತೆಯ ಚರ್ಚೆಯಲ್ಲಿ ಯಾರೂ ಸಾಕಷ್ಟು ಗಮನಿಸಿಲ್ಲ. ಆದರೆ ಎರಡು ಕಾಯಿದೆಗಳೂ ಹೆಸರಿಸುವುದು ಸ್ತ್ರೀಯನ್ನು. ಜೋಗಪ್ಪನು ಅವುಗಳ ಕಣ್ಣಿಗೆ ಬೀಳಲಿಲ್ಲ.

ಕಣ್ಣಿಗೆ ಬಿದ್ದುದು 2014ರಲ್ಲಿ. ತಮ್ಮ ಲಿಂಗತ್ವವನ್ನು ತಾವೇ ಗೊತ್ತುಮಾಡಿಕೊಳ್ಳುವ ಅಧಿಕಾರವು ಪ್ರತಿಯೊಬ್ಬರದೆಂದು ಸರ್ವೋಚ್ಚ ನ್ಯಾಯಾಲಯವು ಆ ವರ್ಷ ತೀರ್ಪಿತ್ತಿತು. 2018ರಲ್ಲಿ ದಂಡಸಂಹಿತೆಯ 377ನೆಯ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವು ಹೊರಗಾಯಿತು. 2019ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ತೂತ್ತುಕುಡಿಯ ದೇವಾಲಯವೊಂದರಲ್ಲಿ ನಡೆದ ಮದುವೆಯ ವಿಷಯದಲ್ಲಿ, ಹಿಂದೂ ವಿವಾಹ ಕಾಯಿದೆಯ ‘ವಧು’ವೆಂಬ ಪದವು ಹೆಣ್ಣಾಗಿ ಬಾಳುವ ಲಿಂಗಪರಿವರ್ತಿತಳಿಗೂ ಸಲ್ಲುವುದೆಂದಿತು. ಇವೆಲ್ಲ ಕೂಡಿ 2023ರ ಅಕ್ಟೋಬರ್ 17ರ ತೀರ್ಪಿಗೆ ಹಿನ್ನೆಲೆಯಾದುವು. ವಿವಾಹವು ಮೂಲಭೂತ ಹಕ್ಕಲ್ಲವೆಂದು ಐವರೂ ಒಪ್ಪಿದರು. ಸಲಿಂಗದಂಪತಿಗಳ ಕೂಡಿಕೆಗೆ ಮಾನ್ಯತೆ ಕೊಡುವ ವಿಷಯದಲ್ಲಿ ಮೂವರು ಒಂದು ಕಡೆ, ಇಬ್ಬರು ಮತ್ತೊಂದು ಕಡೆ ಆದರು. ಆದರೆ ಲಿಂಗತ್ವ ಅಲ್ಪಸಂಖ್ಯಾತರು ವಿಜಾತೀಯ ಸಂಬಂಧದಲ್ಲಿ ಈಗಿರುವ ಕಾನೂನಿನಂತೆಯೇ ಮದುವೆಯಾಗಬಹುದೆಂಬ ಮಾತಿಗೆ ಭಿನ್ನಮತವಿರಲಿಲ್ಲ. ಪುನರ್ವಿಮರ್ಶೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದುವು.

ಧಾರ್ಮಿಕ ವಿರೋಧಕ್ಕೆ ಆ ವಿಚಾರಣೆಯಲ್ಲಿ ಅಷ್ಟು ಸ್ಥಳ ದೊರೆತುದು ಒಂದು ವಿಚಿತ್ರವೇ. ನ್ಯಾಯಾಲಯವು ವೈಯಕ್ತಿಕ ಧರ್ಮಕಾನೂನುಗಳ ಗೊಡವೆಗೆ ಹೋಗುವುದಿಲ್ಲವೆಂದು ಮೊದಲೇ ಹೇಳಿತ್ತು. ಚರ್ಚೆಯು ಮುಖ್ಯವಾಗಿ ನಡೆದುದು 1954ರ ವಿಶೇಷ ವಿವಾಹ ಕಾಯಿದೆಯ ಮೇಲೆ. ಅದರಲ್ಲಿ ಪುರೋಹಿತನಿಲ್ಲ, ಕಾಜಿಯಿಲ್ಲ, ಪಾದ್ರಿಯಿಲ್ಲ. ಅದರ ನಾಲ್ಕನೆಯ ಕಲಮು ‘ಯಾವುದೇ ಇಬ್ಬರು ವ್ಯಕ್ತಿಗಳು’ ಎಂದು ಹೇಳುತ್ತದೆ. ವಯಸ್ಸನ್ನು ಗೊತ್ತುಮಾಡುವಲ್ಲಿ ಮಾತ್ರ ಗಂಡಿಗೆ ಇಪ್ಪತ್ತೊಂದು, ಹೆಣ್ಣಿಗೆ ಹದಿನೆಂಟು ಎನ್ನುತ್ತದೆ. ಸಮಾನತೆಯ ಪಕ್ಷದವರು ಮೊದಲ ಮಾತನ್ನು ಹಿಡಿದರು, ಸರಕಾರವು ಎರಡನೆಯದನ್ನು. ಯಾವ ಗುಡಿಯಲ್ಲಿಯೂ ಯಾವ ಅರ್ಚಕನೂ ಇಷ್ಟವಿಲ್ಲದ ಮಂತ್ರವನ್ನು ಹೇಳಬೇಕಾಗಿರಲಿಲ್ಲ.

ಗುಡಿಗಳಾದರೂ ಬದಲಾಗದೆ ನಿಂತುವಲ್ಲ. ಸಂಡೂರಿನ ಬೆಟ್ಟದ ಮೇಲಣ ಕುಮಾರಸ್ವಾಮಿ ದೇವಾಲಯವು ಸ್ತ್ರೀಯರಿಗೆ ಪ್ರವೇಶವಿಲ್ಲದ ಸಂಪ್ರದಾಯಕ್ಕೆ ಪ್ರಸಿದ್ಧವಾದುದು. ಅಸ್ಪೃಶ್ಯರ ದೇವಾಲಯಪ್ರವೇಶವು ಶಾಸ್ತ್ರವಿರುದ್ಧವೆಂದು ದೇಶದಲ್ಲೆಲ್ಲ ವಾದ ನಡೆಯುತ್ತಿದ್ದ ಕಾಲದಲ್ಲಿ, 1936ರ ತಿರುವಾಂಕೂರಿನ ಘೋಷಣೆಗಿಂತ ಮೊದಲೇ, ಸಂಡೂರಿನ ಅರಸನು ಅವರಿಗೆ ಅದರ ಬಾಗಿಲನ್ನು ತೆರೆಸಿದನು. ಗಾಂಧಿಯವರು 1934ರಲ್ಲಿ ಸಂಡೂರಿಗೆ ಬಂದು ಇದನ್ನು ಮೆಚ್ಚಿಕೊಂಡರು. ಒಂದು ಕಟ್ಟಳೆ ಹೋಯಿತು. ಇನ್ನೊಂದು ಅದೇ ಹೊಸ್ತಿಲಲ್ಲಿ ಉಳಿಯಿತು.

ವಿವಾಹದ ವಿಷಯದಲ್ಲಿ ಇಂದಿನ ಸ್ಥಿತಿಯೂ ಇಂತಹುದೇ. ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡವರೊಬ್ಬರು ತಾನು ಹೆಣ್ಣೆಂಬ ಪ್ರಮಾಣಪತ್ರವನ್ನು ಪಡೆದು, ತಾನು ವರಿಸಿದ ಗಂಡಸಿನೊಡನೆ ಹೊಸಪೇಟೆಯ ನೋಂದಣಿ ಕಚೇರಿಗೆ ಹೋದರೆ 2023ರ ತೀರ್ಪು ಅವರ ಪಕ್ಷದಲ್ಲಿದೆ. ಇಬ್ಬರು ಹೆಂಗಸರೋ ಇಬ್ಬರು ಗಂಡಸರೋ ಅದೇ ಕಚೇರಿಗೆ ಹೋದರೆ ಅವರ ಮದುವೆಯನ್ನು ಬರೆದುಕೊಳ್ಳುವ ಪುಸ್ತಕ ಅಲ್ಲಿ ಇಲ್ಲ.